ಅರೋರಾ ತೋರಿಸುವವರ ವಿಮರ್ಶೆ: ಚೇಸ್ ಬಸ್ಸು, ಬೆಟ್ಟದ ಸ್ಟೇಷನ್, ಗಾಜಿನ ಇಗ್ಲೂ, ಹಡಗು, ಕೊನೆಗೆ ಕೆಪಿ ಆ್ಯಪ್

ಉತ್ತರ ಧ್ರುವಪ್ರಭೆ, ಅಂದರೆ ಅರೋರಾ, ತೋರಿಸುತ್ತೇವೆಂದು ಟಿಕೆಟ್ ಮಾರುವವರಲ್ಲಿ ನಾಲ್ಕು ಬಗೆ. ಮೋಡವಿಲ್ಲದ ಕಡೆಗೆ ಗಾಡಿ ಓಡಿಸುವವರು, ಒಂದು ಒಳ್ಳೆಯ ಜಾಗಕ್ಕೆ ಕರೆದೊಯ್ದು ಕೂರಿಸುವವರು, ಹಾಸಿಗೆಯಲ್ಲಿ ಮಲಗಿಯೇ ನೋಡಿ ಎನ್ನುವವರು, ಹಡಗು ಹತ್ತಿಸುವವರು. ನಾಲ್ವರ ಜಾಹೀರಾತಿನಲ್ಲೂ ಅದೇ ಹಸಿರು ಫೋಟೊ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಯಾರಿಗೆ ಹಣ ಕೊಡಬೇಕು ಎಂದು ತೀರ್ಮಾನಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಈ ರಾತ್ರಿ ಇಲ್ಲಿ ಮೋಡ ಕವಿದರೆ ನೀವೇನು ಮಾಡುತ್ತೀರಿ? ಇದಕ್ಕೆ ನೇರವಾಗಿ ಉತ್ತರಿಸದವರಿಗೆ ಮುಂಗಡ ಕೊಡುವ ಅಗತ್ಯವಿಲ್ಲ.

ಮೋಡದ ಮೇಲೆ ಇಷ್ಟೊಂದು ಒತ್ತು ಯಾಕೆ ಎಂದರೆ, ಸರಿಯಾದ ಜಾಗದಲ್ಲಿ ನಿಂತವರಿಗೆ ಅರೋರಾದ ಬರ ಅಷ್ಟಾಗಿ ಇರುವುದಿಲ್ಲ. ಭೂಮಿಯ ಕಾಂತೀಯ ಧ್ರುವದ ಸುತ್ತ ಉಂಗುರದ ಆಕಾರದಲ್ಲಿ ಅರೋರಾ ವಲಯ ಹರಡಿಕೊಂಡಿರುತ್ತದೆ. ನಾರ್ವೆಯ ಟ್ರೋಮ್ಸೋ, ಸ್ವೀಡನ್ನಿನ ಕಿರುನಾ ಮತ್ತು ಅಬಿಸ್ಕೋ, ಫಿನ್ಲೆಂಡಿನ ಇನಾರಿ, ಅಲಾಸ್ಕದ ಫೇರ್‌ಬ್ಯಾಂಕ್ಸ್, ಕೆನಡಾದ ಯೆಲ್ಲೋನೈಫ್ ಎಲ್ಲವೂ ಈ ಉಂಗುರದ ಕೆಳಗೆ ಅಥವಾ ಅದರ ಅಂಚಿನಲ್ಲಿವೆ. ಫಿನ್ಲೆಂಡಿನ ತುತ್ತತುದಿಯ ಕಿಲ್ಪಿಸ್‌ಯಾರ್ವಿಯಲ್ಲಿ ಕತ್ತಲಿರುವ, ಮೋಡವಿಲ್ಲದ ನಾಲ್ಕು ರಾತ್ರಿಗಳಲ್ಲಿ ಸುಮಾರು ಮೂರರಲ್ಲಿ ಅರೋರಾ ಕಾಣುತ್ತದೆ; ಅದೇ ದೇಶದ ದಕ್ಷಿಣ ಭಾಗದಲ್ಲಿ ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ಅಂದರೆ ವಲಯದ ಕೆಳಗೆ ನಿಂತವರ ಮತ್ತು ಬೆಳಕಿನ ನಡುವೆ ಅಡ್ಡ ಬರುವುದು ಬಹುಪಾಲು ಮೋಡವೇ.

ಉತ್ತರಕ್ಕೆ ಹೋದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾರಾಟಗಾರರಿಗೆ ಅನುಕೂಲ, ನೋಡುವವರಿಗಲ್ಲ. ಸ್ವಾಲ್ಬಾರ್ಡಿನ ಲಾಂಗ್‌ಯಿಯರ್‌ಬೀನ್ ಪಟ್ಟಣ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ರಾತ್ರಿ ಹೊತ್ತಿನ ವಲಯ ಅದಕ್ಕಿಂತ ದಕ್ಷಿಣದಲ್ಲಿ ಹಾದುಹೋಗುತ್ತದೆ. ಅಲ್ಲಿನ ವಿಶೇಷವೆಂದರೆ ಚಳಿಗಾಲದ ಕಡುಗತ್ತಲಲ್ಲಿ ಹಗಲು ಹೊತ್ತಿನಲ್ಲೇ ಕಾಣುವ ಮಂದ ಅರೋರಾ. ವಿಜ್ಞಾನಿಗಳಿಗೆ ಅದು ಹಬ್ಬ, ಮೊದಲ ಸಲ ನೋಡಲು ಹೋದವರಿಗೆ ನಿರಾಸೆ. ಇನ್ನು ಭೂಕಾಂತೀಯ ಧ್ರುವ ಕೆನಡಾದ ಕಡೆಗೆ ವಾಲಿಕೊಂಡಿರುವುದರಿಂದ, ನಕಾಶೆಯಲ್ಲಿ 62.5 ಡಿಗ್ರಿಯಲ್ಲಿರುವ ಯೆಲ್ಲೋನೈಫ್ 69.6 ಡಿಗ್ರಿಯ ಟ್ರೋಮ್ಸೋಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ನೋಡಬೇಕಾದದ್ದು ಕಾಂತೀಯ ಅಕ್ಷಾಂಶ. ಅದು 65ರಿಂದ 70ರ ನಡುವೆ ಇದ್ದರೆ ಸಾಕು.

ಯಾವಾಗ ಹೋಗಬೇಕು

ಟ್ರೋಮ್ಸೋದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆಮೇಲೂ ಕೆಲವು ವಾರ ರಾತ್ರಿ ಎಂಬುದು ಹೆಸರಿಗಷ್ಟೇ. ಆಗಸ್ಟ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ನಿಜವಾದ ಸೀಸನ್. ಫೇರ್‌ಬ್ಯಾಂಕ್ಸ್ ಪ್ರವಾಸೋದ್ಯಮದವರು ಆಗಸ್ಟ್ 21ರಿಂದ ಏಪ್ರಿಲ್ 21 ಎಂದು ದಿನಾಂಕವನ್ನೇ ಗೊತ್ತುಮಾಡಿಕೊಂಡಿದ್ದಾರೆ.

ಈ ಅವಧಿಯೊಳಗೆ ಡಿಸೆಂಬರ್ ತಿಂಗಳಿಗೆ ಸಿಗುವ ಮಾನ್ಯತೆ ಅತಿಯಾದದ್ದು. ರಾತ್ರಿ ಉದ್ದವಿರುತ್ತದೆ, ನಿಜ. ಆದರೆ ನಾರ್ವೆಯ ಕರಾವಳಿಗೆ ಅಟ್ಲಾಂಟಿಕ್‌ನಿಂದ ಒಂದರ ಹಿಂದೊಂದು ಬಿರುಗಾಳಿ ಅಪ್ಪಳಿಸುವುದೂ ಆಗಲೇ. ಹೋಟೆಲ್ ದರ ಏರುವುದೂ ಆಗಲೇ. ವಿಷುವತ್ ಸಂಕ್ರಾಂತಿಯ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಮತ್ತು ಮಾರ್ಚ್‌ನಲ್ಲಿ, ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನ) ಕಾಂತಕ್ಷೇತ್ರ ಭೂಮಿಯದರೊಂದಿಗೆ ಬೆಸೆದುಕೊಳ್ಳಲು ಅನುಕೂಲವಾದ ಕೋನ ಒದಗುತ್ತದೆ. ರಸೆಲ್ ಮತ್ತು ಮ್ಯಾಕ್‌ಫೆರಾನ್ 1973ರಲ್ಲೇ ಇದನ್ನು ವಿವರಿಸಿದ್ದರು. ಅದೇ ತೀವ್ರತೆಯ ಸೌರಮಾರುತ ಮಾರ್ಚ್‌ನಲ್ಲಿ ಡಿಸೆಂಬರ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯವರೆಗಿನ ಅವಧಿಗೆ ನಮ್ಮ ಮೊದಲ ಮತ: ಹಗಲಲ್ಲಿ ಮಾಡಲು ಬೇರೆ ಕೆಲಸವೂ ಇರುತ್ತದೆ, ರಸ್ತೆಯೂ ಕಾಣುತ್ತದೆ, ಒಳನಾಡಿನಲ್ಲಿ ಒಣ ಹವೆ. ಚಳಿ ತಡೆಯದವರಿಗೆ ಸೆಪ್ಟೆಂಬರ್. ಸರೋವರ ಹೆಪ್ಪುಗಟ್ಟಿರದ ಕಾರಣ ನೀರಲ್ಲಿ ಬಿಂಬವೂ ಸಿಗುತ್ತದೆ.

ಯೆಲ್ಲೋನೈಫ್‌ನಲ್ಲಿ ಮಾತ್ರ ಅಕ್ಟೋಬರ್ ಬೇಡ. ಪಕ್ಕದ ಗ್ರೇಟ್ ಸ್ಲೇವ್ ಸರೋವರ ಇನ್ನೂ ಹೆಪ್ಪುಗಟ್ಟದೆ ಆವಿ ಉಗುಳುತ್ತಿರುತ್ತದೆ, ಆಕಾಶ ಮುಚ್ಚಿಕೊಂಡೇ ಇರುತ್ತದೆ. ಅಲ್ಲಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆ ಒಂದು ಸೀಸನ್, ನವೆಂಬರ್ ಮಧ್ಯದಿಂದ ಏಪ್ರಿಲ್ ಆರಂಭ ಇನ್ನೊಂದು.

ಸೌರಚಕ್ರದ, ಅಂದರೆ ಸೂರ್ಯನ ಚಟುವಟಿಕೆ ವರ್ಷಗಟ್ಟಲೆ ಏರಿ ಇಳಿಯುವ ಸುತ್ತಿನ, ಬಗ್ಗೆ ಒಂದು ಮಾತು. 25ನೇ ಚಕ್ರ ಗರಿಷ್ಠ ಹಂತ ಮುಟ್ಟಿದೆ ಎಂದು ನಾಸಾ ಮತ್ತು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದವು. ಇನ್ನು ಮುಗಿಯಿತು, ಬೇಗ ಬುಕ್ ಮಾಡಿ ಎಂಬ ಜಾಹೀರಾತು ಅಂದಿನಿಂದ ಹರಿದಾಡುತ್ತಿದೆ. ನಂಬಬೇಕಿಲ್ಲ. ಇಳಿಯುವ ವರ್ಷಗಳಲ್ಲಿ ಸೂರ್ಯನ ಹೊರ ವಾತಾವರಣದಲ್ಲಿನ ‘ಕರೋನಾ ರಂಧ್ರ’ಗಳಿಂದ ವೇಗದ ಸೌರಮಾರುತ ಹೊಮ್ಮುತ್ತಿರುತ್ತದೆ. ಸೂರ್ಯ ತನ್ನ ಸುತ್ತ ತಿರುಗಿ ಅದೇ ಮುಖ ತೋರಿಸಲು ಸುಮಾರು 27 ದಿನ. ಹಾಗಾಗಿ ಈ ತಿಂಗಳ ಒಂದು ವಾರ ಚೆನ್ನಾಗಿದ್ದರೆ 27 ದಿನ ಕೂಡಿಸಿ ನೋಡಿದಾಗ ಸಿಗುವ ವಾರವೂ ಚೆನ್ನಾಗಿರುವ ಸಾಧ್ಯತೆ ಇದೆ. ತಿಂಗಳ ಮೊದಲೇ ದಿನಾಂಕ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ. ಕಿರೀಟದ ಹಾಗೆ ನೆತ್ತಿಯ ಮೇಲೆ ಕೆಂಪು ಕಾಣುವಂಥ ಭಾರೀ ಕಾಂತೀಯ ಬಿರುಗಾಳಿ, 2024ರ ಮೇ 10-11ರದ್ದರ ಹಾಗೆ, ಯಾವಾಗ ಬರುತ್ತದೆಂದು ತಿಂಗಳ ಮುಂಚೆ ಹೇಳುವವರೆಲ್ಲ ಬುರುಡೆ ಬಿಡುವವರು.

ಟ್ರೋಮ್ಸೋದ ಚೇಸ್ ಪ್ರವಾಸ

ಚೇಸ್ ಎಂದರೆ ಮೋಡವಿಲ್ಲದ ಕಡೆ ಹುಡುಕುತ್ತ ಗಾಡಿ ಓಡಿಸುವುದು. ಸೇವೆಗಳ ಪೈಕಿ ಹಣಕ್ಕೆ ಹೆಚ್ಚು ನ್ಯಾಯ ಸಿಗುವುದು ಇಲ್ಲಿ, ಮೋಸ ಹೋಗುವ ಅವಕಾಶವೂ ಇಲ್ಲೇ ಹೆಚ್ಚು. ಟ್ರೋಮ್ಸೋದಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ-ಹಿಮ ಬೀಳುತ್ತದೆ. ಊರು ಇರುವುದು ದ್ವೀಪದ ಮೇಲೆ, ಸಮುದ್ರದ ಮೋಡ ನೇರವಾಗಿ ತಲೆ ಮೇಲೆ. ಆದರೆ ಅಲ್ಲಿಂದ ಇ8 ರಸ್ತೆ ಹಿಡಿದು ಸ್ಕಿಬೋಟ್ನ್ ಕಣಿವೆ ಹೊಕ್ಕರೆ ಬೆಟ್ಟಗಳ ಮಳೆನೆರಳು ಸಿಗುತ್ತದೆ; ಟ್ರೋಮ್ಸೋ ವಿಶ್ವವಿದ್ಯಾಲಯದ ವೀಕ್ಷಣಾಲಯ ಸ್ಕಿಬೋಟ್ನ್‌ನಲ್ಲಿರುವುದು ಸುಮ್ಮನೆ ಅಲ್ಲ. ಅಲ್ಲೂ ಮೋಡವಿದ್ದರೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ. ಒಟ್ಟು 160 ಕಿಲೋಮೀಟರ್‌ನ ಆಸುಪಾಸು, ಒಂದು ದಿಕ್ಕಿಗೆ. ಗಾಳಿ ಪೂರ್ವದಿಂದ ಬೀಸುವ ದಿನ ಲೆಕ್ಕ ಉಲ್ಟಾ: ಒಳನಾಡು ಮುಚ್ಚಿಕೊಂಡು ಕ್ವಾಲೋಯಾ ದ್ವೀಪದ ಪಶ್ಚಿಮ ತೀರ ತೆರೆದಿರುತ್ತದೆ. ಒಳ್ಳೆಯ ಗೈಡ್ ಸಂಜೆ ಹೊರಡುವ ಹೊತ್ತಿಗೆ ಯಾವ ದಿಕ್ಕು ಎಂದು ತೀರ್ಮಾನಿಸಿರುತ್ತಾನೆ, ಅರ್ಧ ದಾರಿಯಲ್ಲಿ ಉಪಗ್ರಹ ಚಿತ್ರ ನೋಡಿ ಮತ್ತೆ ಬದಲಿಸಲೂ ಹಿಂಜರಿಯುವುದಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಸರಕು ಒಂದೇ ಹೆಸರಲ್ಲಿ ಮಾರಾಟವಾಗುತ್ತದೆ. ಒಂದು ದೊಡ್ಡ ಬಸ್ಸು, ನಲವತ್ತು-ಐವತ್ತು ಜನ, ಸಾವಿರ ಕ್ರೋನರ್ ಆಸುಪಾಸು. ಇನ್ನೊಂದು ಹದಿನೈದು ಜನರೊಳಗಿನ ಮಿನಿಬಸ್, ಅದಕ್ಕಿಂತ ಸಾಕಷ್ಟು ದುಬಾರಿ. ದೊಡ್ಡ ಬಸ್ಸಿನ ತೊಂದರೆ ಜನಸಂಖ್ಯೆ ಒಂದೇ ಅಲ್ಲ. ಅದು ಹಿಮದಲ್ಲಿ ನಿಲ್ಲಲು, ತಿರುಗಲು ಜಾಗವಿರುವ ಕಡೆ ಬೆರಳೆಣಿಕೆಯಷ್ಟು. ಮೋಡದಲ್ಲಿ ಒಂದು ಕಿಂಡಿ ತೆರೆದದ್ದು ಕಂಡರೂ ಅಲ್ಲೇ ಪಕ್ಕಕ್ಕೆ ಹಾಕಲಾಗುವುದಿಲ್ಲ. ಐವತ್ತು ಜನ ಇಳಿದು ಹತ್ತುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಪೂರ್ತಿ ನಿರ್ಮಲ ಆಕಾಶದ ರಾತ್ರಿ ದೊಡ್ಡ ಬಸ್ಸು ಸಾಕು. ಆದರೆ ಅಂಥ ರಾತ್ರಿ ಬಸ್ಸೇ ಬೇಕಾಗಿಲ್ಲ. ಊರ ನಡುವಿನ ಪ್ರೆಸ್ತ್‌ವಾನೆ ಕೆರೆಯ ದಂಡೆಗೆ ನಡೆದುಹೋದರೆ ಆಯಿತು, ಅಥವಾ ಫ್ಯೆಲ್‌ಹೈಸೆನ್ ಕೇಬಲ್ ಕಾರಿನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್ ಮೇಲೆ ಹೋಗಬಹುದು. ಚೇಸ್‌ಗೆ ದುಡ್ಡು ಕೊಡುವುದು ಮೋಡದ ರಾತ್ರಿಗಾಗಿ. ಆ ರಾತ್ರಿಗೆ ಮಿನಿಬಸ್ಸೇ ಸರಿ.

ಬುಕ್ ಮಾಡುವ ಮುಂಚೆ ಇಮೇಲ್‌ನಲ್ಲಿ ಬರೆದು ಕೇಳಬೇಕಾದ್ದು ಇಷ್ಟು. ಗರಿಷ್ಠ ಎಷ್ಟು ಕಿಲೋಮೀಟರ್ ಅಥವಾ ಎಷ್ಟು ಗಂಟೆ ಎಂಬ ಮಿತಿ ಇದೆಯೇ? ಗಡಿ ದಾಟುತ್ತೀರಾ? ಹಾಗಿದ್ದರೆ ಪಾಸ್‌ಪೋರ್ಟ್ ಜೊತೆಗಿರಬೇಕು. ಮೋಡ ಎಲ್ಲಾ ಕಡೆ ಇದ್ದರೆ ಸಂಜೆಯೇ ರದ್ದು ಮಾಡಿ ಹಣ ವಾಪಸ್ ಕೊಡುತ್ತೀರಾ, ಅಥವಾ ಹೊರಟೇ ಹೊರಡುತ್ತೀರಾ? ಅರೋರಾ ಕಾಣದಿದ್ದರೆ ಎರಡನೆಯ ಸಲಕ್ಕೆ ರಿಯಾಯಿತಿ ಉಂಟೇ? ಕಾಣದಿದ್ದರೆ ಪೂರ್ತಿ ಹಣ ವಾಪಸ್ ಕೊಡುವವರು ಅಪರೂಪ. ಹೊರಡುವ ಮುನ್ನವೇ ರದ್ದು ಮಾಡುವ ಧೈರ್ಯ ಇರುವವರು ಅದಕ್ಕಿಂತ ನಂಬಿಕಸ್ತರು. ಜಾಹೀರಾತಿನಲ್ಲಿ ‘ಬೇಸ್ ಕ್ಯಾಂಪ್’ ಎಂದಿದ್ದರೆ ಅದು ಚೇಸ್ ಅಲ್ಲ. ಒಂದೇ ಗುಡಾರದಲ್ಲಿ ಬೆಂಕಿ ಕಾಯಿಸಿಕೊಂಡು ಕೂರುವುದು. ಮಕ್ಕಳಿರುವವರಿಗೆ ಅದೇ ಹಿತ, ಕಾಣುವ ಸಾಧ್ಯತೆ ಕಡಿಮೆ.

ಥರ್ಮಲ್ ಸೂಟ್, ಟ್ರೈಪಾಡ್, ಬಿಸಿ ಪಾನೀಯ, ಗೈಡ್ ತೆಗೆದ ಫೋಟೊ ಇವೆಲ್ಲ ಈಗ ಬಹುತೇಕ ಮಿನಿಬಸ್‌ನವರು ಕೊಡುತ್ತಾರೆ, ಅದಕ್ಕಾಗಿ ಹೆಚ್ಚು ಕೊಡಬೇಕಿಲ್ಲ. ಶೌಚಾಲಯ ದಾರಿಯ ಪೆಟ್ರೋಲ್ ಬಂಕ್‌ನಲ್ಲಿ ಮಾತ್ರ. ಸಂಜೆ ಆರೂವರೆಗೆ ಹೊರಟರೆ ವಾಪಸಾಗುವುದು ನಡುರಾತ್ರಿ ಒಂದು ಗಂಟೆಗೆ, ಫಿನ್ಲೆಂಡ್ ತನಕ ಹೋದರೆ ಮೂರಾದೀತು. ಮರುದಿನ ಬೆಳಗ್ಗೆ ವಿಮಾನ ಇಟ್ಟುಕೊಳ್ಳಬೇಡಿ.

ಗೈಡ್ ಒಳ್ಳೆಯವನೇ ಎಂದು ತಿಳಿಯುವ ಗುಟ್ಟು ಒಂದಿದೆ. ಅರೋರಾ ಸಾಮಾನ್ಯವಾಗಿ ಹೀಗೆ ಬರುತ್ತದೆ: ಮೊದಲು ಉತ್ತರದ ಅಂಚಿನಲ್ಲಿ ಬೂದು ಬಣ್ಣದ ಒಂದು ಕಮಾನು, ತೆಳು ಮೋಡವೇ ಎಂದು ಅನುಮಾನ ಬರುವಷ್ಟು ಮಂದ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ, ಅದು ಹಾಗೇ ಇರುತ್ತದೆ. ನಂತರ ಕಮಾನಿನ ಕೆಳ ಅಂಚು ಹೊಳೆಯತೊಡಗುತ್ತದೆ, ಒಂದು ಕಡೆ ಮಡಿಕೆ ಬೀಳುತ್ತದೆ, ನೋಡನೋಡುತ್ತಿದ್ದಂತೆ ಪೂರ್ತಿ ಒಡೆದು ನೆತ್ತಿಯವರೆಗೆ ಹರಡಿ ಕುಣಿಯುತ್ತದೆ. ಕೆಳ ಅಂಚಿನಲ್ಲಿ ನೇರಳೆ-ಗುಲಾಬಿ ಗೆರೆ ಓಡುವುದು ಆಗಲೇ. ಅದು ನೂರು ಕಿಲೋಮೀಟರ್‌ಗಿಂತ ಕೆಳಗಿಳಿದ ಕಣಗಳು ಸಾರಜನಕಕ್ಕೆ ಡಿಕ್ಕಿ ಹೊಡೆದ ಬಣ್ಣ. ಹತ್ತು-ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿದು, ಮಿಣುಕುವ ತೇಪೆಗಳು ಉಳಿಯುತ್ತವೆ. ಆಮೇಲೆ ಒಂದೆರಡು ಗಂಟೆ ಬಿಡುವು, ಮತ್ತೆ ಕಮಾನು. ಮೊದಲ ಬಿಡುವಿನಲ್ಲೇ ‘ನೋಡಿದಿರಲ್ಲ, ಹೊರಡೋಣ’ ಎಂದು ಗಂಟು ಕಟ್ಟುವವರು ಎರಡನೆಯ, ಎಷ್ಟೋ ಸಲ ಇನ್ನೂ ದೊಡ್ಡದಾದ ಸುತ್ತನ್ನು ತಪ್ಪಿಸುತ್ತಾರೆ. ಹಳೆಯ ಗ್ರಾಹಕರ ಅಭಿಪ್ರಾಯ ಓದುವಾಗ ‘ಗೈಡ್ ಕಾಯೋಣ ಎಂದ’ ಎಂಬ ಮಾತು ಇದೆಯೇ ಹುಡುಕಿ. ತಲೆಗೆ ಬಿಳಿ ಟಾರ್ಚ್ ಕಟ್ಟಿಕೊಂಡು ಓಡಾಡುವ ಗೈಡ್ ಆದರೆ ಅಲ್ಲಿಗೇ ಅಂಕ ಕಡಿಮೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಒಂದು ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ.

ಮಿನಿಬಸ್ ಚೇಸ್‌ಗೆ ಐದರಲ್ಲಿ ನಾಲ್ಕೂವರೆ. ದೊಡ್ಡ ಬಸ್ಸಿಗೆ ಎರಡೂವರೆ.

ಅಬಿಸ್ಕೋ: ಅರೋರಾ ಸ್ಕೈ ಸ್ಟೇಷನ್

ಓಡಾಡುವ ಬದಲು ಒಂದೇ ಕಡೆ ಕೂರಬೇಕೆಂದರೆ ಕೂರಲು ತಕ್ಕ ಊರು ಇದು. ಅಟ್ಲಾಂಟಿಕ್‌ನ ತೇವವನ್ನೆಲ್ಲ ನಾರ್ವೆ ಕಡೆಯ ಬೆಟ್ಟಗಳೇ ಹೀರಿಕೊಳ್ಳುವುದರಿಂದ ಅಬಿಸ್ಕೋಗೆ ಸಿಗುವುದು ವರ್ಷಕ್ಕೆ ಸುಮಾರು 300 ಮಿಲಿಮೀಟರ್, ಟ್ರೋಮ್ಸೋದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಸುಮಾರು 70 ಕಿಲೋಮೀಟರ್ ಉದ್ದದ ಟೋರ್ನೆಟ್ರೆಸ್ಕ್ ಸರೋವರದ ಮೇಲೆ ಮೋಡ ಹರಿದು ಆಕಾಶ ತೆರೆದುಕೊಂಡಿರುವುದನ್ನು ಅಲ್ಲಿನವರು ನೀಲಿ ಕಿಂಡಿ ಎನ್ನುತ್ತಾರೆ. ಕಿರುನಾ-ನಾರ್ವಿಕ್ ರೈಲು ಅಬಿಸ್ಕೋ ಟೂರಿಸ್ಟ್ ಸ್ಟೇಷನ್‌ನಲ್ಲೇ ನಿಲ್ಲುತ್ತದೆ, ಕಾರು ಬೇಕಿಲ್ಲ.

ಸ್ಕೈ ಸ್ಟೇಷನ್ ಇರುವುದು ನೂಲ್ಯಾ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ 900 ಮೀಟರ್. ಮೇಲೆ ಹೋಗಲು ತೆರೆದ ಚೇರ್‌ಲಿಫ್ಟ್, ಸುಮಾರು ಇಪ್ಪತ್ತು ನಿಮಿಷ. ಕತ್ತಲಲ್ಲಿ, ಮೈನಸ್ ಇಪ್ಪತ್ತರಲ್ಲಿ, ಅಲುಗಾಡದೆ ಕೂತಿರುವ ಇಪ್ಪತ್ತು ನಿಮಿಷ ಎಂಬುದನ್ನು ನೆನಪಿಡಿ. ಅವರು ಕೊಡುವ ದಪ್ಪ ಮೇಲಂಗಿಯ ಒಳಗೂ ನಿಮ್ಮದೇ ಎರಡು ಪದರ ಉಣ್ಣೆ ಇರಲಿ. ಗಾಳಿ ಜೋರಾದರೆ ಲಿಫ್ಟ್ ನಿಲ್ಲಿಸುತ್ತಾರೆ. ಅಲ್ಲಿ ಗಾಳಿ ಸಾಮಾನ್ಯ, ಹಾಗಾಗಿ ಟಿಕೆಟ್ ನಿಯಮವನ್ನು ಮೊದಲೇ ಓದಿಕೊಳ್ಳಿ, ಕೊನೆಯ ರಾತ್ರಿಗೆ ಬುಕ್ ಮಾಡಬೇಡಿ.

ಮೇಲಿನ ನೋಟ ಚೆಂದ, ಕೆಳಗೆ ಸರೋವರ, ಆಗ್ನೇಯಕ್ಕೆ ಲಾಪೋರ್ಟೆನ್ ಕಣಿವೆಯ ಯು ಆಕಾರ. ಆದರೆ ಖಡಾಖಂಡಿತವಾಗಿ ಹೇಳುವುದಾದರೆ, ಅರೋರಾ ನೂರು ಕಿಲೋಮೀಟರ್ ಮೇಲೆ ಇರುವಾಗ ಒಂದು ಕಿಲೋಮೀಟರ್ ಹತ್ತಿರ ಹೋಗುವುದರಿಂದ ಏನೂ ಹೆಚ್ಚು ಕಾಣುವುದಿಲ್ಲ. ಕಣಿವೆಯಲ್ಲಿ ಮಂಜು ಕೂತಿರುವ ರಾತ್ರಿ ಮಾತ್ರ ಬೆಟ್ಟಕ್ಕೆ ನಿಜವಾದ ಬೆಲೆ. ಉಳಿದ ರಾತ್ರಿ ಸರೋವರದ ದಂಡೆಗೆ ಹತ್ತು ನಿಮಿಷ ನಡೆದರೆ ಅದೇ ಆಕಾಶ, ಪುಕ್ಕಟೆ. ಊರಿಗೆ ಐದಕ್ಕೆ ಐದು, ಸ್ಟೇಷನ್‌ಗೆ ಮೂರೂವರೆ.

ಗಾಜಿನ ಇಗ್ಲೂ

ಫಿನ್ಲೆಂಡಿನ ಸಾರಿಸೆಲ್ಕಾ ಬಳಿಯ ಕಾಕ್ಸ್‌ಲೌಟನೆನ್‌ನಿಂದ ಜನಪ್ರಿಯವಾದ ಈ ಕಲ್ಪನೆ ಈಗ ಲ್ಯಾಪ್‌ಲೆಂಡಿನ ಉದ್ದಕ್ಕೂ ಇದೆ. ಒಂದು ರಾತ್ರಿಗೆ ನೂರಾರು ಯೂರೋ. ಕೋಣೆ ಬೆಚ್ಚಗಿರುತ್ತದೆ, ಗಾಜಿಗೆ ಬಿಸಿ ಕೊಟ್ಟು ಹಿಮ ಕರಗಿಸುತ್ತಾರೆ, ಮಲಗಿ ನಕ್ಷತ್ರ ನೋಡುವುದು ಸುಖವೇ. ಅರೋರಾ ನೋಡುವ ಸಾಧನವಾಗಿ ಮಾತ್ರ ಇದು ದುರ್ಬಲ. ಮೋಡ ಬಂದರೆ ನೀವು ಅಲ್ಲೇ ಸಿಕ್ಕಿಬಿದ್ದಿರುತ್ತೀರಿ, ಅದೂ ಒಂದೇ ರಾತ್ರಿಗೆ ಪ್ರವಾಸದ ಅರ್ಧ ಬಜೆಟ್ ಸುರಿದು. ಒಳಗಿನ ಸಣ್ಣ ದೀಪವೂ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಪಕ್ಕದ ಇಗ್ಲೂವಿನವರ ದೀಪವೂ. ಮಂದ ಕಮಾನು ಗಾಜಿನ ಮೂಲಕ ಕಾಣುವುದೇ ಇಲ್ಲ. ಮರಗಳ ನಡುವೆ ಕಟ್ಟಿದ ಕಡೆ ಉತ್ತರದ ಅಂಚು ಮುಚ್ಚಿಹೋಗಿರುತ್ತದೆ. ಫೋಟೊ ಅಂತೂ ಹೊರಗೆ ಬಂದೇ ತೆಗೆಯಬೇಕು.

ಮಾಡಲೇಬೇಕೆಂದರೆ ಒಂದು ರಾತ್ರಿ ಸಾಕು. ಗಾಜು ಯಾವ ದಿಕ್ಕಿಗಿದೆ, ರಾತ್ರಿ ಹೊರಗಿನ ದೀಪ ಆರಿಸುತ್ತಾರೆಯೇ, ಅರೋರಾ ಬಂದಾಗ ಎಬ್ಬಿಸುವ ಅಲಾರಂ ಇದೆಯೇ ಎಂದು ಕೇಳಿ. ರೊವನಿಯೆಮಿಗಿಂತ ಇನಾರಿ, ಉತ್ಸ್‌ಯೋಕಿ ಕಡೆ ಆರಿಸಿಕೊಳ್ಳಿ. ರೊವನಿಯೆಮಿ ಆರ್ಕ್ಟಿಕ್ ವೃತ್ತದ ಗೆರೆಯ ಪಕ್ಕದಲ್ಲೇ ಇದ್ದರೂ ವಲಯದ ದಕ್ಷಿಣದ ಅಂಚಿಗೆ ಬೀಳುತ್ತದೆ, ಜೊತೆಗೆ ನಗರದ ಬೆಳಕು. ಸುಖಕ್ಕೆ ನಾಲ್ಕು, ಅರೋರಾಗೆ ಎರಡು.

ಹಡಗು ಮತ್ತು ಅದರ ಭರವಸೆ

ನಾರ್ವೆಯ ಬರ್ಗೆನ್-ಕಿರ್ಕೆನೆಸ್-ಬರ್ಗೆನ್ ಕರಾವಳಿ ಮಾರ್ಗದಲ್ಲಿ ಹುರ್ಟಿಗ್ರೂಟೆನ್ ಹಡಗುಗಳಿವೆ, 2021ರಿಂದ ಹಾವಿಲಾ ಹಡಗುಗಳೂ ಇವೆ. ಹುರ್ಟಿಗ್ರೂಟೆನ್‌ನ ಹೆಸರಾಂತ ಭರವಸೆ ಏನೆಂದರೆ, ಸೀಸನ್‌ನ ಪೂರ್ಣ ಪ್ರಯಾಣದಲ್ಲಿ ಅರೋರಾ ಕಾಣದಿದ್ದರೆ ಇನ್ನೊಂದು ಚಿಕ್ಕ ಪ್ರಯಾಣ ಉಚಿತ. ಮೋಸವಿಲ್ಲ, ಆದರೆ ಷರತ್ತು ಓದಿ. ಸಿಗುವುದು ಇನ್ನೊಂದು ಪ್ರಯಾಣ, ಹಣವಲ್ಲ. ಅಲ್ಲಿಗೆ ಮತ್ತೆ ಹೋಗುವ ವಿಮಾನದ ಖರ್ಚು ನಿಮ್ಮದು. ಕಂಡಿತೋ ಇಲ್ಲವೋ ಎಂದು ದಾಖಲಿಸುವವರು ಹಡಗಿನವರು, ಮತ್ತು ದಿಗಂತದಲ್ಲಿ ಐದು ನಿಮಿಷ ಮಿನುಗಿದರೂ ಕಂಡಂತೆಯೇ ಲೆಕ್ಕ.

ಹಡಗಿನ ಬಲ ಎಂದರೆ ಅದು ತಾನಾಗಿಯೇ ಊರೂರು ದಾಟುತ್ತದೆ, ಪ್ರಯಾಣದ ಅರ್ಧದಷ್ಟು ರಾತ್ರಿ ಆರ್ಕ್ಟಿಕ್ ವೃತ್ತದಿಂದ ಉತ್ತರಕ್ಕೇ ಇರುತ್ತದೆ. ದೌರ್ಬಲ್ಯ ಎಂದರೆ ಪೂರ್ತಿ ದಾರಿ ಕರಾವಳಿ, ಅಂದರೆ ಮೋಡದ ಸಾಲು. ಫೋಟೊ ಹುಚ್ಚಿನವರಿಗೆ ಡೆಕ್ ಸರಿಹೋಗದು: ಹಡಗು ತೂಗಾಡುವುದರಿಂದ ಒಂದೆರಡು ಸೆಕೆಂಡ್‌ಗಿಂತ ಹೆಚ್ಚು ಶಟರ್ ತೆರೆದರೆ ನಕ್ಷತ್ರಗಳೆಲ್ಲ ಹುಳುಗಳಾಗುತ್ತವೆ. ಐಎಸ್‌ಒ 6400ಕ್ಕೆ ಏರಿಸಿ ಶಟರ್ ಚಿಕ್ಕದಾಗಿಸುವುದೊಂದೇ ದಾರಿ.

ಉಳಿದವು, ಚುಟುಕಾಗಿ

ಐಸ್‌ಲ್ಯಾಂಡಿನಲ್ಲಿ ರೇಕ್ಯಾವಿಕ್‌ನಿಂದ ಹೊರಡುವ ಬಸ್ಸುಗಳಲ್ಲಿ ಬಹುತೇಕ, ಕಾಣದಿದ್ದರೆ ಇನ್ನೊಂದು ರಾತ್ರಿ ಉಚಿತವಾಗಿ ಕರೆದೊಯ್ಯುತ್ತವೆ. ಅದು ದೊಡ್ಡ ಅನುಕೂಲ, ಆದ್ದರಿಂದ ಮೊದಲ ರಾತ್ರಿಯೇ ಹೋಗಿಬಿಡಿ. ಹವಾಮಾನ ಗಂಟೆಗೊಮ್ಮೆ ಬದಲಾಗುವುದು ಅಲ್ಲಿ ವರವೂ ಹೌದು, ಶಾಪವೂ ಹೌದು. ಸ್ವಂತ ಕಾರಿನವರು ಗಾಳಿಯ ಮುನ್ಸೂಚನೆಯನ್ನು ಅರೋರಾದ್ದಕ್ಕಿಂತ ಮೊದಲು ನೋಡಬೇಕು. ಗಾಳಿಗೆ ಬಾಗಿಲು ಕಿತ್ತುಬಂದರೆ ಬಾಡಿಗೆ ಕಾರಿನ ವಿಮೆಯಲ್ಲಿ ಅದು ಸೇರಿರುವುದೇ ಅನುಮಾನ.

ಯೆಲ್ಲೋನೈಫ್ ಮತ್ತು ಫೇರ್‌ಬ್ಯಾಂಕ್ಸ್ ಎರಡೂ ಸಮುದ್ರದಿಂದ ದೂರ, ಆಕಾಶ ಹೆಚ್ಚು ನಿಚ್ಚಳ, ಚಳಿ ಮಾತ್ರ ಮೈನಸ್ ಮೂವತ್ತು ದಾಟುತ್ತದೆ. ಯೆಲ್ಲೋನೈಫ್‌ನ ಅರೋರಾ ವಿಲೇಜ್‌ನಲ್ಲಿ ಟೀಪೀ ಗುಡಾರಗಳು, ಹೊರಗೆ ಬಿಸಿ ಮಾಡಿದ ತಿರುಗುವ ಕುರ್ಚಿಗಳು. ವಯಸ್ಸಾದವರನ್ನು ಕರೆದೊಯ್ಯುವವರಿಗೆ ನಾವು ಇದನ್ನೇ ಮೊದಲು ಹೇಳುತ್ತೇವೆ. ಫೇರ್‌ಬ್ಯಾಂಕ್ಸ್‌ನಲ್ಲಿ ಅರೋರಾ ತಡವಾಗಿ ಬರುತ್ತದೆ, ರಾತ್ರಿ ಹತ್ತರಿಂದ ಮೂರರವರೆಗೆ ಎಚ್ಚರ ಇರಬೇಕು. ಮರ್ಫಿ ಡೋಮ್, ಕ್ಲಿಯರಿ ಸಮಿಟ್ ಗುಡ್ಡಗಳು ಕಾರಿದ್ದವರಿಗೆ; ಇಲ್ಲದವರಿಗೆ ನೂರು ಕಿಲೋಮೀಟರ್ ದೂರದ ಚೇನಾ (Chena) ಬಿಸಿನೀರ ಬುಗ್ಗೆಯ ತಂಗುದಾಣ.

ಆ್ಯಪ್‌ಗಳು: ಬಹುತೇಕ ಅಳಿಸಬಹುದು

ಅಂಗಡಿಯಲ್ಲಿ ಸಿಗುವ ಅರೋರಾ ಆ್ಯಪ್‌ಗಳಲ್ಲಿ ಹೆಚ್ಚಿನವು ತೋರಿಸುವುದು ಕೆಪಿ ಎಂಬ ಒಂದೇ ಅಂಕಿ, 0ರಿಂದ 9. ಜಗತ್ತಿನ 13 ಕಾಂತೀಯ ವೀಕ್ಷಣಾಲಯಗಳ ಅಳತೆಯನ್ನು ಮೂರು ಗಂಟೆಗೊಮ್ಮೆ ಒಟ್ಟುಗೂಡಿಸಿದ ಲೆಕ್ಕ ಅದು. ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಅಧಿಕೃತವಾಗಿ ಸಿದ್ಧವಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಬಂದು ಹೋಗುವ ಕುಣಿತವನ್ನು ಮೂರು ಗಂಟೆಗೊಂದರಂತೆ ಬರುವ ಅಂಕಿ ಹಿಡಿಯಲಾರದು. ಅದು ಹೇಳುವುದು ವಲಯ ಎಷ್ಟು ದಕ್ಷಿಣಕ್ಕೆ ಹಿಗ್ಗಿದೆ ಎಂಬುದನ್ನು. ಸ್ಕಾಟ್ಲೆಂಡಿನಲ್ಲಿ ಕಾಯುವವರಿಗೆ ಕೆಪಿ 6 ಮುಖ್ಯ ಸುದ್ದಿ. ಟ್ರೋಮ್ಸೋದಲ್ಲಿ ನಿಂತವರಿಗೆ ಕೆಪಿ 2 ಧಾರಾಳ ಸಾಕು. ಕೆಪಿ 1 ಎಂದು ನೋಡಿ ಹೋಟೆಲಿನಲ್ಲೇ ಮಲಗಿ ಒಳ್ಳೆಯ ರಾತ್ರಿ ಕಳೆದುಕೊಳ್ಳುವವರು ಎಷ್ಟೋ ಜನ. ಕೆಪಿ 6-7 ಬಂದಾಗಲೂ ಟ್ರೋಮ್ಸೋದಲ್ಲಿ ಉತ್ತರಕ್ಕೇ ಕಣ್ಣು ನೆಟ್ಟು ನಿಲ್ಲಬಾರದು. ವಲಯ ತಲೆ ದಾಟಿ ದಕ್ಷಿಣಕ್ಕೆ ಸರಿದಿರುತ್ತದೆ, ಹಿಂದೆ ತಿರುಗಿ.

ಇಟ್ಟುಕೊಳ್ಳಬೇಕಾದವು ಪುಕ್ಕಟೆ ಸಿಗುವಂಥವು. ಅಮೆರಿಕದ ನೋವಾದ ಬಾಹ್ಯಾಕಾಶ ಹವಾಮಾನ ಕೇಂದ್ರದ ಪುಟದಲ್ಲಿ ಸೌರಮಾರುತದ ನೇರ ಅಳತೆ ಸಿಗುತ್ತದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನೌಕೆಗಳಿಂದ ಬರುವ ಮಾಹಿತಿ ಅದು. ಅಲ್ಲಿ ನೋಡಬೇಕಾದ್ದು ಸೌರಮಾರುತದ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂದು ತೋರಿಸುವ ಬಿ-ಝಡ್ ಎಂಬ ಗೆರೆ. ಅದು ಸೊನ್ನೆಯ ಕೆಳಗೆ ಇಳಿದರೆ ಬಾಗಿಲು ತೆರೆಯಿತು ಎಂದರ್ಥ. ಮೈನಸ್ 5 ನ್ಯಾನೊಟೆಸ್ಲಾದಲ್ಲಿ ಅರ್ಧ ಗಂಟೆ ನಿಂತರೆ ಬೂಟು ಹಾಕಿಕೊಳ್ಳಿ, ಮೈನಸ್ 10 ಆದರೆ ಊಟ ಬಿಟ್ಟು ಹೊರಡಿ. ವೇಗ ಸೆಕೆಂಡಿಗೆ 400 ಕಿಲೋಮೀಟರ್ ಇದ್ದರೆ ಆ ಗಾಳಿ ನೌಕೆಯಿಂದ ಭೂಮಿ ತಲುಪಲು ಸುಮಾರು ಒಂದು ಗಂಟೆ, 800 ಇದ್ದರೆ ಅರ್ಧ ಗಂಟೆ. ನಿಖರವಾದ ಮುನ್ಸೂಚನೆಗೆ ಇರುವ ಕಾಲಾವಕಾಶ ಇಷ್ಟೇ. ಬಿ-ಝಡ್ ಪ್ಲಸ್‌ನಲ್ಲಿ ಕೂತಿದ್ದರೆ ವೇಗ ಎಷ್ಟಿದ್ದರೂ ಸಪ್ಪೆ, ‘ಬಿರುಗಾಳಿ ಬರುತ್ತಿದೆ’ ಎಂಬ ನೋಟಿಫಿಕೇಶನ್‌ಗಳು ಹುಸಿಯಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಎರಡನೆಯದು ಭೂಮಿಯ ಕಾಂತಕ್ಷೇತ್ರ ಅಳೆಯುವ ಹತ್ತಿರದ ಮ್ಯಾಗ್ನೆಟೋಮೀಟರ್‌ನ ಗ್ರಾಫ್. ಟ್ರೋಮ್ಸೋ, ಕಿರುನಾ, ಫಿನ್ಲೆಂಡಿನ ಹವಾಮಾನ ಸಂಸ್ಥೆ ಎಲ್ಲರದ್ದೂ ಜಾಲದಲ್ಲಿ ಸಿಗುತ್ತದೆ. ಗೆರೆ ಸಮತಟ್ಟಾಗಿದ್ದು ಒಮ್ಮೆಲೇ ನೂರಾರು ನ್ಯಾನೊಟೆಸ್ಲಾ ಕೆಳಗೆ ಕುಸಿದರೆ ಆ ಕ್ಷಣವೇ ಮೇಲೆ ಕುಣಿತ ಶುರುವಾಗಿದೆ. ಮೂರನೆಯದು, ಎಲ್ಲಕ್ಕಿಂತ ಹೆಚ್ಚಾಗಿ, ಮೋಡದ ನಕಾಶೆ: ನಾರ್ವೆಗೆ ಯರ್ (Yr) ಎಂಬ ಹವಾಮಾನ ತಾಣ, ಐಸ್‌ಲ್ಯಾಂಡಿಗೆ ಅಲ್ಲಿನ ಹವಾಮಾನ ಇಲಾಖೆಯ ಅರೋರಾ ಪುಟ. ಐಸ್‌ಲ್ಯಾಂಡಿನ ನಕಾಶೆಯಲ್ಲಿ ಬಿಳಿ ಎಂದರೆ ತೆರೆದ ಆಕಾಶ, ಹಸಿರು ಎಂದರೆ ಮೋಡ. ಹಸಿರನ್ನು ಅರೋರಾ ಎಂದುಕೊಂಡು ನೇರ ಮೋಡದೊಳಗೆ ಕಾರು ಓಡಿಸುವವರು ಪ್ರತಿ ಸೀಸನ್‌ನಲ್ಲೂ ಇದ್ದಾರೆ. ಕೆಳಮಟ್ಟದ ಮೋಡ ಬಿದ್ದರೆ ಆಸೆ ಬಿಡಿ. ಎತ್ತರದ ತೆಳು ಮೋಡವಾದರೆ ಜೋರಾದ ಅರೋರಾ ಅದನ್ನು ತೂರಿ ಕಾಣುತ್ತದೆ.

ಕ್ಯಾಮೆರಾ, ಬಟ್ಟೆ

ಲೆನ್ಸ್ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ. ಹಸಿರು ಅರೋರಾದ ಬೆಳಕು 557.7 ನ್ಯಾನೊಮೀಟರ್‌ನ ಒಂದೇ ಕಿರಿದಾದ ಗೆರೆ. ಅದು ಫಿಲ್ಟರಿನ ಚಪ್ಪಟೆ ಗಾಜಿನ ಎರಡು ಮೈಗಳ ನಡುವೆ ಪುಟಿದು ಚಿತ್ರದ ಮಧ್ಯದಲ್ಲಿ ಉಂಗುರಗಳನ್ನು ಮೂಡಿಸುತ್ತದೆ. ಆಮೇಲೆ ಅಳಿಸಲು ಬರುವುದಿಲ್ಲ. ಅಗಲ ಲೆನ್ಸ್, ಎಫ್ 2.8, ಐಎಸ್‌ಒ 1600ರಿಂದ 3200, ಮಂದ ಕಮಾನಿಗೆ 10-15 ಸೆಕೆಂಡ್, ಕುಣಿಯತೊಡಗಿದರೆ 2-4 ಸೆಕೆಂಡ್. ಹೆಚ್ಚು ಹೊತ್ತು ತೆರೆದಿಟ್ಟರೆ ಮಡಿಕೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಫೋಕಸ್ ಹಗಲಲ್ಲೇ ದೂರದ ಬೆಟ್ಟಕ್ಕೆ ಹೊಂದಿಸಿ ಟೇಪ್ ಅಂಟಿಸಿ, ಇಲ್ಲವೇ ಲೈವ್ ವ್ಯೂನಲ್ಲಿ ಪ್ರಕಾಶಮಾನ ನಕ್ಷತ್ರವನ್ನು ಹಿಗ್ಗಿಸಿ ಕೈಯಲ್ಲೇ ಹೊಂದಿಸಿ. ಫೋನಿನವರಿಗೂ ನೈಟ್ ಮೋಡ್ ಮತ್ತು ಒಂದು ಪುಟ್ಟ ಟ್ರೈಪಾಡ್ ಸಾಕು. ಬೂದು ಕಮಾನು ಮೋಡವೋ ಅರೋರಾವೋ ಎಂಬ ಅನುಮಾನಕ್ಕೂ ಅದೇ ಪರಿಹಾರ: ಮೂರು ಸೆಕೆಂಡಿನ ಒಂದು ಫೋಟೊ, ಹಸಿರು ಬಂದರೆ ಅರೋರಾ.

ಬದಲಿ ಬ್ಯಾಟರಿ ಒಳ ಜೇಬಿನಲ್ಲಿರಲಿ, ಚಳಿಗೆ ಅದು ಬೇಗ ಕೈ ಕೊಡುತ್ತದೆ. ವಾಪಸ್ ಗಾಡಿ ಹತ್ತುವ ಮುಂಚೆ, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಬೆಚ್ಚಗಿನ ಗಾಳಿಯ ತೇವ ಆಗ ಚೀಲದ ಮೇಲೆ ಕೂರುತ್ತದೆ, ಲೆನ್ಸ್ ಮೇಲಲ್ಲ. ಬಟ್ಟೆಯಲ್ಲಿ ಹತ್ತಿ ಬೇಡ, ಮೈಗಂಟುವ ಪದರ ಉಣ್ಣೆಯದ್ದಿರಲಿ. ಬೂಟು ಒಂದು ಸೈಜು ದೊಡ್ಡದಿರಲಿ: ಎರಡು ಕಾಲುಚೀಲ ತುರುಕಿ ಬಿಗಿಯಾದ ಬೂಟಿನಲ್ಲಿ ರಕ್ತ ಓಡದೆ ಬೆರಳು ಮೊದಲು ಮರಗಟ್ಟುತ್ತದೆ.

ಟ್ರೋಮ್ಸೋದಲ್ಲಿ ನಾಲ್ಕು ರಾತ್ರಿ ಇರುವವರು ನಾಲ್ಕಕ್ಕೂ ಮುಂಗಡ ಕೊಡುವುದು ದಂಡ. ಮೊದಲ ರಾತ್ರಿಗೆ ಮಿನಿಬಸ್ ಚೇಸ್ ಬುಕ್ ಮಾಡಿ, ಉಳಿದವನ್ನು ಖಾಲಿ ಬಿಡಿ. ಮೊದಲ ರಾತ್ರಿ ಕಂಡರೆ ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂದು ಗೊತ್ತಾಗಿರುತ್ತದೆ, ಮುಂದಿನ ರಾತ್ರಿಗಳಿಗೆ ಪ್ರೆಸ್ತ್‌ವಾನೆ ದಂಡೆಯೇ ಸಾಕು. ಕಾಣದಿದ್ದರೆ ಮರುದಿನ ಮಧ್ಯಾಹ್ನದ ಮೋಡದ ನಕಾಶೆ ನೋಡಿ ಎರಡನೆಯ ಬುಕಿಂಗ್ ಮಾಡಿ. ಫೆಬ್ರವರಿ-ಮಾರ್ಚ್‌ನ ಶುಕ್ರವಾರ, ಶನಿವಾರ ಮಾತ್ರ ಮಿನಿಬಸ್ ಸೀಟು ಮೊದಲೇ ತುಂಬಿಹೋಗುತ್ತದೆ, ಹಾಗಾಗಿ ಭಾನುವಾರ ಇಳಿದು ಗುರುವಾರ ಹೊರಡುವ ಹಾಗೆ ವಿಮಾನ ನೋಡಿಕೊಳ್ಳಿ.